ಸಾಣಿಕಟ್ಟೆಯಲ್ಲಿ ಮೊದಲ ಗುಡುಗು

ಮೇ ಇಪ್ಪತ್ತೆಂಟು. ಉಪ್ಪಿನಾಗರದ ಬಿಳುಪಿಗೆ
ಕಣ್ಣು ಕಿರಿದು ಮಾಡಿಯೇ ಮುದುಕಿಯಾದವಳು ಹೊನ್ನಿ.
ಅವಳ ಅಂಗಾಲ ಬಿರುಕಿಗೂ ಗೊತ್ತು,
ಇನ್ನೆರಡು ಬಿಸಿಲು ಸಿಕ್ಕರೆ
ಈ ಪಾತಿಯೂ ಕೆನೆಗಟ್ಟುತ್ತದೆ.

ಸಿಗಲಿಲ್ಲ.
ಕಡಲ ಕಡೆಯಿಂದಲ್ಲ, ಘಟ್ಟದ ಕಡೆಯಿಂದ ಬಂತು ಗುಡುಗು,
ಹಿತ್ತಿಲ ಬಾಗಿಲಿಗೆ ಬಂದ ನೆಂಟನ ಹಾಗೆ.

ಮಡಲು! ತಾಡಪಾಲು!
ಎಲ್ಲರೂ ರಾಶಿಗಳ ಕಡೆ ಓಡಿದರು,
ಲಾರಿಯ ಕ್ಲೀನರ್ ಭಂವರನೊಬ್ಬನ ಬಿಟ್ಟು.
ಬಾಡಮೇರಿನ ಹುಡುಗ, ಮೋಡಗಳನ್ನು ಎಣಿಸಿ ಬೆಳೆದವನು,
ಅಂಗಿ ಕಳಚಿ ಪಾತಿಯ ನಡುವೆ
ಬಾಯ್ತೆರೆದು ನಿಂತಿದ್ದ.

"ತುದಿ ಹಿಡ್ಕಳಾ, ಕತ್ತೆ!"
ಅವನಿಗೆ ಕನ್ನಡ ಬಾರದು.
ಹಿಡಿದ.

ರಾಶಿಯಡಿಯಿಂದ ಸಣ್ಣ ತೊರೆಯಾಗಿ
ಹರಿದುಹೋಯಿತು ಹನ್ನೆರಡು ದಿನದ ಬಿಸಿಲು.
ಅವನು ಬೆರಳದ್ದಿ ನೆಕ್ಕಿ ಮುಖ ಹಿಂಡಿದ.
ಹೊನ್ನಿಗೆ ನಗು ಬಂತು,
ಬರಬಾರದಿತ್ತು.