ಸೂಲಗಿತ್ತಿಯ ಕಾರು

ಐಫೆಲ್ ಗುಡ್ಡಗಳಲ್ಲಿ ಏಪ್ರಿಲ್ ಕಳೆದರೂ ಒಮ್ಮೊಮ್ಮೆ ಹಿಮ ಬೀಳುತ್ತದೆ.
ಅಂಥದೊಂದು ಬೆಳಗ್ಗೆ ನನ್ನ ಗ್ಯಾರೇಜಿಗೆ ಬಂದಳು
ಮೆಖ್ಟಿಲ್ಟ್ ಕ್ರಿಂಗ್ಸ್, ಏಳು ಹಳ್ಳಿಗೆ ಒಬ್ಬಳೇ ಸೂಲಗಿತ್ತಿ.
ಒಂದೇ ಕಾರು ಬೇಕು ಫೆರ್ಹಾತ್, ಅಂದಳು,
ರಾತ್ರಿ ಹೆರಿಗೆಗೆ, ಭಾನುವಾರ ಟ್ರ್ಯಾಕಿಗೆ.

ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ, ಅಂದೆ.
ಪೆಡಲ್ ಮೂರಿವೆ, ಅಂದಳು,
ಎರಡೇ ಕಾಲಲ್ಲಿ ಇಷ್ಟು ವರ್ಷ ಸಂಭಾಳಿಸಿಲ್ಲವೆ?

ಮೊದಲು ತೋರಿಸಿದ್ದು ಆರು ಸಿಲಿಂಡರಿನ ಬಿಎಂಡಬ್ಲ್ಯೂ.
ಕೀಲಿ ತಿರುವಿದರೆ ಮಾಡಿನ ತಗಡು ಗುಂಯ್ ಅನ್ನುವಂಥದು.
ಅವಳು ಬಾನೆಟ್ ಕಡೆ ತಿರುಗಲೇ ಇಲ್ಲ.
ನೆಲಕ್ಕೆ ಬೆನ್ನು ಹಚ್ಚಿ, ಬಾಗಿಲಿನ ಕೆಳಗೆ ಕೈ ತೂರಿಸಿ
ಮಗುವಿನ ತಲೆ ಯಾವ ಕಡೆಗಿದೆ ಎಂದು ನೋಡುವವಳ ಹಾಗೆ
ಮೆಲ್ಲಗೆ ಒತ್ತಿದಳು.
ತುಕ್ಕಿನೊಳಕ್ಕೆ ಬೆರಳು ಇಳಿಯಿತು.
ನಾನು ಕೆಮ್ಮಿದೆ.

ಎರಡನೆಯದು ಟರ್ಬೊ ಗಾಡಿ,
ಯಾವನೋ ಹುಡುಗ ಕೈಯಾಡಿಸಿ ಕೈಚೆಲ್ಲಿದ್ದು.
ಅದು ಬೇಡ, ಅದರ ತಾಯಿಗೇ ಗೊತ್ತಿಲ್ಲ ಅದರ ಹೊಟ್ಟೆಯಲ್ಲೇನಿದೆ ಅಂತ.
ಕೊನೆಗೆ ಮೂಲೆಯಲ್ಲಿ ಟೈರುಗಳ ಹಿಂದೆ ಧೂಳು ಹೊದ್ದಿದ್ದ ಬೂದು ಕ್ಲಿಯೋ,
ಒಬ್ಬಳೇ ಒಡತಿ, ಎಲ್ಲ ರಸೀದಿ ಇದ್ದಂಥದು.
ಟಾರ್ಚು ಆರಿಸಿ ಎದ್ದಳು. ಇದು.

ಇನ್ನು ಮೂವತ್ತು ಕುದುರೆ ಸೇರಿಸೋಣ, ಕ್ಯಾಮ್ ಬದಲಿಸಿದರೆ ಸಾಕು,
ಅಂದೆ. ಅಪ್ಪ ಕೈಸೇರಿಯಿಂದ ಹೊತ್ತು ತಂದ ಸ್ಪ್ಯಾನರು ಆಗಲೇ ಕೈಯಲ್ಲಿತ್ತು.
ಕುದುರೆ ಇರಲಿ. ಮೊದಲು ಲಗಾಮು.

ಹಾಗಾಗಿ ಬ್ರೇಕು. ಬೇಗ ಕುದಿಯದ ಎಣ್ಣೆ, ಉಕ್ಕು ಹೆಣೆದ ಪೈಪು.
ಪ್ಯಾಡಿನ ಬಗ್ಗೆ ಎರಡು ವಾರ ಜಗಳವಾಡಿದೆವು.
ರೇಸಿನ ಪ್ಯಾಡು ಕಾಯದೆ ಕಚ್ಚುವುದಿಲ್ಲ,
ರಾತ್ರಿ ಮೂರರ ಚಳಿಯಲ್ಲಿ ಯಾರದೋ ಅಂಗಳದ ಗೇಟು ಮುರಿದು
ಒಳಗೇ ನಿಲ್ಲುತ್ತದೆ. ಮೇಲೆ ಕಿರುಚಾಟ ಬೇರೆ, ಊರ ನಾಯಿಗಳೆಲ್ಲ ಏಳುತ್ತವೆ.
ನಡುವಿನದೊಂದು ಸಿಕ್ಕಿತು.
ಆಮೇಲೆ ಡ್ಯಾಂಪರು, ತಲೆಯ ಮೇಲೆ ತಿರುಗಣೆ, ಹದಿನಾರು ಕ್ಲಿಕ್ಕು.

ಹಿಂದಿನ ಸೀಟು ಕಿತ್ತುಬಿಡೋಣ, ಹದಿನೆಂಟು ಕಿಲೋ ಉಳಿಯುತ್ತದೆ.
ಹಳೇ ಗಾಡಿಯ ಹಿಂದಿನ ಸೀಟಿನಲ್ಲಿ, ರೈಲ್ವೆ ಗೇಟು ಬಿದ್ದಿದ್ದಾಗ,
ಮೂರೂವರೆ ಕಿಲೋದವನೊಬ್ಬ ಹುಟ್ಟಿದ್ದಾನೆ, ಅಂದಳು.
ಸೀಟು ಉಳಿಯಿತು.

ಸರ್ಕಾರಿ ಪರೀಕ್ಷಕ ಡೀಡರಿಕ್ಸ್ ಪ್ರತಿ ಬೋಲ್ಟಿಗೂ ಕಾಗದ ಕೇಳಿದ,
ಸೈಲೆನ್ಸರಿಗೆ ಕಿವಿಗೊಟ್ಟ.
ಸೂಲಗಿತ್ತಿಗೆ ಇಂಥ ಸೀಟು ಯಾಕಮ್ಮ?
ಬೆನ್ನುನೋವು, ಅಂದಳು. ಮುದ್ರೆ ಒತ್ತಿದ.

ಭಾನುವಾರ ಪಕ್ಕದಲ್ಲಿ ಕೂತೆ.
ಕಾಡಿನ ನಡುವೆ ಇಪ್ಪತ್ತು ಕಿಲೋಮೀಟರಿನ ಟ್ರ್ಯಾಕು, ಮುಂದೆ ಏನಿದೆಯೋ ಕಾಣದ ಏರು.
ನರಿಬಿಲದ ಇಳಿಜಾರಿನಲ್ಲಿ ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರೆ
ಅವಳು ತನಗೇ ಎಂಬಂತೆ ಹೇಳಿಕೊಳ್ಳುತ್ತಿದ್ದಳು:
ಈಗ ಬೇಡ. ಉಸಿರು ಬಿಡು. ಈಗ ಬೇಡ.
ಈಗ.
ಎಷ್ಟು ಹೆಂಗಸರು ಈ ದನಿ ಕೇಳಿರಬೇಕು, ಅವಳ ಮಣಿಕಟ್ಟು ಹಿಂಡುತ್ತ.

ಎರಡನೇ ಸುತ್ತಿನ ಕೊನೆಗೆ ಅವಳ ಜೇಬು ನಡುಗಿತು.
ಪಾರ್ಕಿಂಗಿನಲ್ಲಿ ನನ್ನನ್ನು ಇಳಿಸಿದಳು. ಎಂಬತ್ತೊಂದು ಕಿಲೋ ಉಳಿಯಿತು.
ಬ್ರೇಕಿನಿಂದ ಇನ್ನೂ ಹೊಗೆ ಏಳುತ್ತಿತ್ತು,
ಅವಳು ಒಂದೊಂದು ಚಕ್ರದ ಬಳಿಯೂ ಬಗ್ಗಿ
ತಿರುಗಣೆ ತಿರುವಿದಳು, ತುಟಿಯಲ್ಲೇ ಎಣಿಸುತ್ತ,
ಆತುರವೇ ಇಲ್ಲದವಳ ಹಾಗೆ.
ನಾನು ಬಸ್ಸು ಹಿಡಿದು ಮನೆಗೆ ಹೋದೆ.

ಮಂಗಳವಾರ ಗಾಡಿ ಬಂತು, ಎಣ್ಣೆ ಬದಲಿಸಲು.
ಹಿಂದಿನ ಸೀಟಿನ ಮೇಲೆ ಒಗೆದ ಟವೆಲ್ಲು,
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಎಣ್ಣೆಗೈ ಹತ್ತಿದ ಪುಟ್ಟ ಪುಸ್ತಕ:

ಟ್ರ್ಯಾಕು, ಹನ್ನೊಂದು ಕ್ಲಿಕ್ಕು.
ರಸ್ತೆ, ಆರು.
ಒಂಬತ್ತನೇ ತಿಂಗಳು, ಎರಡು.
ಹಾಲಿನ ಡೈರಿ ದಾಟಿದ ಮೇಲೆ ಗುಂಡಿ. ಎಡಕ್ಕೆ ಸರಿ.