ಅರ್ಧ ಇಂಚು

ಮೊದಲ ಪುಟದಲ್ಲೇ ನೇರಳೆ ಮುದ್ರೆ:
ತಾಂತ್ರಿಕ ಶಾಲೆ, ಡೆರಿ. ಹೊರಗೆ ಒಯ್ಯತಕ್ಕದ್ದಲ್ಲ.
ಒಯ್ದವಳು ನನ್ನ ಮುತ್ತಜ್ಜಿ ರೊಸೆಟ್ಟಾ,
ಇಪ್ಪತ್ತೇಳನೇ ಇಸವಿಯ ಚಳಿಯಲ್ಲಿ, ಕೋಟಿನೊಳಗೆ.
ಹೀಗೆ ನಮ್ಮ ಮನೆತನದ ಆಸ್ತಿಯೆಂದರೆ ಕದ್ದ ಮಾಲು,
ಉಡುಪು ಕತ್ತರಿಸುವ ಹೊಲಿಯುವ ಕ್ರಮ, ಚಿತ್ರಸಹಿತ.
ಡಿಂಪ್ನಾ ಚಿಕ್ಕಮ್ಮ ಹೋದ ಮೇಲೆ ನನಗೆ ಬಂತು.
ನನಗೋ ಗುಂಡಿ ಹಚ್ಚಲೂ ಬಾರದು.

ಪುಟ ಒಂಬತ್ತು, ಆದರ್ಶ ಹೆಣ್ಣಿನ ಅಳತೆ:
ಎದೆ ಮೂವತ್ತಾರು, ಸೊಂಟ ಇಪ್ಪತ್ನಾಲ್ಕು.
ಪಕ್ಕದಲ್ಲಿ ಪೆನ್ಸಿಲು: ಯಾರಪ್ಪಾ ಇವಳು?
ಕೆಳಗೆ ನಮ್ಮವರು, ಇಸವಿ ಸಮೇತ.
ರೊಸೆಟ್ಟಾ, ಸೊಂಟ ಇಪ್ಪತ್ತಾರು. ಇಪ್ಪತ್ತೊಂಬತ್ತು.
ಮೂವತ್ತೆಂಟು, ಅವಳಿ. ಮೂವತ್ತೊಂದು.
ಬರ್ನಾ, ಪರಮಪ್ರಸಾದದ ಬಿಳಿ ಅಂಗಿಗೆ,
ಎದೆ ಇಪ್ಪತ್ತೆರಡೂವರೆ, ಉಸಿರು ಬಿಗಿಹಿಡಿದಿದ್ದಾಳೆ ಕಳ್ಳಿ.
ಸತ್ತವರೆಲ್ಲ ಇಲ್ಲಿ ಇನ್ನೂ ಇಷ್ಟಿಷ್ಟು ದಪ್ಪ.

ತೋಳಿನ ಪುಟದಲ್ಲಿ ಪುಸ್ತಕಕ್ಕೇ ಛೀಮಾರಿ:
ತಪ್ಪು. ಹೀಗೆ ಕತ್ತರಿಸಿದರೆ ಕೈ ಎತ್ತಲಾಗದು.
ಕಂಕುಳಲ್ಲಿ ಅರ್ಧ ಇಂಚು ಬಿಡು.

ಎಲ್ಲ ರೊಸೆಟ್ಟಾಳ ಕೈಗುಣ, ಎನ್ನುತ್ತಿದ್ದರು.
ಷರ್ಟಿನ ಕಾರ್ಖಾನೆಯಲ್ಲಿ ಹಗಲಿಡೀ ಕಾಲರು ಹೊಲಿದು
ಮನೆಗೆ ಬಂದೂ ಹೊಲಿಯುತ್ತಿದ್ದಳಂತೆ, ಮಹಾತಾಯಿ.

ನಿನ್ನೆ ಹಾಳೆಗಳ ನಡುವಿಂದ ಚೀಟಿಯೊಂದು ಬಿತ್ತು,
ಕುದುರೆ ಬಾಜಿಯದು. ಅದೇ ಪೆನ್ಸಿಲು,
ಅದೇ ಬೆನ್ನು ಬಾಗಿದ ಏಳು, ಬಾಲವುದ್ದದ ಒಂಬತ್ತು.
ನಮ್ಮಲ್ಲಿ ಕುದುರೆಗೆ ಕಾಸು ಸುರಿದವನು ಒಬ್ಬನೇ:
ಹ್ಯೂ ಮೆಕ್‌ಮೊನಗಲ್, ಮುತ್ತಜ್ಜ,
ಹಡಗುಕಟ್ಟೆಯ ಕೆಲಸ ಹೋಗಿ
ಹನ್ನೊಂದು ವರ್ಷ ಮನೆಯಲ್ಲಿ ಕೂತವನು.

ಕಾರ್ಖಾನೆ ಕೂಗಿದರೆ ಹೆಂಗಸರು ಎದ್ದು ಹೊರಡುವ ಊರು.
ಗಂಡಸರು ಆಲೂಗಡ್ಡೆ ಸುಲಿದು, ತೊಟ್ಟಿಲು ತೂಗಿ,
ಬೀದಿಗೆ ಬಂದರೆ ಜೇಬಲ್ಲಿ ಕೈ.
ಹ್ಯೂ ಪರದೆ ಎಳೆದು ಯಂತ್ರದ ಮುಂದೆ ಕೂತಿರಬೇಕು.
ಸದ್ದು ಪಕ್ಕದ ಮನೆಗೆ ಕೇಳದಿರಲೆಂದು
ಮಕ್ಕಳ ಕೈಲಿ ಜೋರಾಗಿ ಜಪಮಾಲೆ ಹೇಳಿಸಿದನೋ ಏನೋ.
ಕೇಳೋಣವೆಂದರೆ, ಬಲ್ಲವರೆಲ್ಲ
ಫಾಯ್ಲ್ ನದಿಗೆ ಮುಖಮಾಡಿ ಗುಡ್ಡದಲ್ಲಿ ಮಲಗಿದ್ದಾರೆ.

ಹತ್ತು ತಾಸು ಕಾಲರು ನೋಡಿದವಳಿಗೆ
ಸೂಜಿ ಕಂಡರೆ ವಾಕರಿಕೆ ಬರುತ್ತಿತ್ತೇನೋ.
ಊರು ಹೊಗಳಿದಾಗ ಸುಮ್ಮನೆ ನಕ್ಕಳು.
ಅವನ ಮಾನಕ್ಕೆ ಅಸ್ತರಿ ಹಾಕಿದ್ದು
ಅವಳು ಹೊಲಿದ ಒಂದೇ ಹೊಲಿಗೆ.

ಬರ್ನಾಳ ಫೋಟೋ ಹುಡುಕಿ ತೆಗೆದೆ. ಇಗರ್ಜಿಯ ಮೆಟ್ಟಿಲು,
ಬಿಳಿ ಅಂಗಿ, ಕಾಲುಚೀಲ ಜಾರಿದೆ.
ಚೌಕಟ್ಟಿನ ಹೊರಗಿರುವ ಯಾರಿಗೋ
ಬಲಗೈ ಪೂರ್ತಿ ಮೇಲೆತ್ತಿ ಬೀಸುತ್ತಿದ್ದಾಳೆ.
ಭೂತಗನ್ನಡಿ ಹಿಡಿದು ನೋಡಿದೆ.
ಕಂಕುಳಲ್ಲಿ ಒಂದು ಎಳೆಯೂ ಜಗ್ಗಿಲ್ಲ.