ಟೇಪಿನ ಇನ್ನೊಂದು ತುದಿ

ಕುಂದ್ರು ಮಾಣಿಕೇಶ್ವರಿ. ಆ ಕುರ್ಚಿ ಬ್ಯಾಡ, ಅದರ ಕಾಲು ಸಡಿಲ.
ತೀನ್ ಕಂದೀಲಿನಿಂದ ನಡಕೊಂತ ಬಂದೇನು, ಈ ಬಿಸಿಲಾಗ?
ನೀರು ಕುಡಿ. ಹೂಜಿ ಕಿಟಕಿ ಹತ್ತಿರ ಐತಿ.

ನಿನ್ನ ನಲವತ್ತೂ ಪುಟ ನೋಡಿದೆ.
ವಿಮಾನ ನಿಲ್ದಾಣ ಚಂದ ಐತಿ. ಮ್ಯೂಸಿಯಮ್ಮೂ.
ಮೇ ತಿಂಗಳ ಮೂರು ಗಂಟೆಕ್ಕ ನೆಳ್ಳು ಎಲ್ಲಿ ಬೀಳತೈತಿ
ಅಂತ ಯಾವ ಪುಟದಾಗೂ ಇಲ್ಲ.
ಇಲ್ಲಿಗೆ ಬರೋವು ಬ್ಯಾರೆ:
ಮೂವತ್ತು ನಲವತ್ತರ ಸೈಟು, ಮೂರು ಮಂದಿ ಅಣ್ಣತಮ್ಮರು,
ಎರಡು ಅಡುಗೆಮನಿ,
ಮೆಟ್ಟಿಲ ಕೆಳಗ ದೇವರು ಬ್ಯಾಡ ಅನ್ನೋ ಅತ್ತಿ,
ಹತ್ತಿ ಅಡತಿಯವರ ಗೋಡೌನಿಗೆ ಒಂದು ಬಾಗಲ,
ಲಾರಿ ಹಿಂದಕ್ಕ ಬರೋವಷ್ಟು ಅಗಲ.

ಇಂಥ ಸಣ್ಣ ಆಫೀಸು ಇನ್ನೊಂದಕ್ಕ ಹೋದರ
ಮೊದಲ ಪುಟಕ್ಕ ಒಂದು ಮೆಟ್ಟಿಲ ಇಡು,
ನೀನ ಬರೆದದ್ದು, ಕೈಲೆ,
ತಪ್ಪು ಅಳಿಸಿದ ಗುರುತು ಕಾಣಂಗ.
ಎಲ್ಲರಿಗೂ ಒಂದ ಪತ್ರ ಕಳಿಸಬ್ಯಾಡ.
ನಿನ್ನ ಪತ್ರದಾಗ ನನ್ನ ಹೆಸರಿನ ಜಾಗಾಕ್ಕ
ಹೊಸಪೇಟೆಯವರ ಹೆಸರಿತ್ತು.
ನಕ್ಕೆ. ನಾನೂ ಒಮ್ಮೆ ಹಂಗ ಮಾಡೀನಿ.

ಪಗಾರ ಕೇಳಾಕ ನಾಚಬ್ಯಾಡ.
ಕೇಳದವರಿಗೆ ಕೊಡೋದನ್ನ ಎಲ್ಲರೂ ಮರೀತಾರ, ನಾನೂ.
ಹದಿನೆಂಟು ಸಾವಿರ. ಐದನೇ ತಾರೀಕಿಗೆ.
ಸಾಹುಕಾರ ಕೊಡಲಿ ಬಿಡಲಿ.
ಒಂದು ಸಲ ಬೈಕ್ ಮಾರಿ ಕೊಟ್ಟೀನಿ,
ಹಿಂದಿದ್ದ ಹುಡುಗ ಹೇಳಿರಬೇಕು.

ಕೆಲಸ ಏನಂದಿ?
ಮುಂಜಾನಿ ಡ್ರಾಯಿಂಗು. ಹನ್ನೊಂದಕ್ಕ ನಗರಸಭೆ,
ಅಲ್ಲಿ ಸಹಿಗಿಂತ ಸಹಿ ಹಾಕೋರನ್ನ ಹುಡುಕೋದ ಹೆಚ್ಚು.
ಮಧ್ಯಾಹ್ನ ಸೈಟು.
ಖಾಜಾಹುಸೇನ್ ಮೇಸ್ತ್ರಿ ನಿನ್ನ ನಕ್ಷಾ ಸುರುಳಿ ಸುತ್ತಿ
ಬಗಲಾಗ ಇಟಗೊಂಡು
ಗೋಡಿಗೆ ಇದ್ದಲಿಲೆ ತನ್ನ ನಕ್ಷಾ ಬರೀತಾನ.
ಜಗಳಾಡಬ್ಯಾಡ. ಮೊದಲು ನೋಡು.
ಹತ್ತರಾಗ ಆರು ಸಲ ಅವಂದ ಖರೆ.
ಉಳಿದ ನಾಕಕ್ಕ ನಿನಗ ಪಗಾರ.

ಇನ್ನ ಏನರ ಕೇಳೋದೈತೇನು ಅಂದರ
ಇದನ್ನ ಕೇಳಿದಿ:
"ಸರ್, ಮಂತ್ರಾಲಯ ರಸ್ತಾದಾಗ
ನೀವು ಕಟ್ಟಿಸಿದ ಕಣ್ಣಿನ ದವಾಖಾನಿ,
ಅದರ ಬೆಳಕಿಂಡಿ ಮ್ಯಾಲೆ ತಗಡ ಯಾಕ ಹೊಡದಾರ?"

ಆ ಬೆಳಕಿಂಡಿಗೆ ಎರಡು ತಿಂಗಳು ಕುಂತಿದ್ದೆ ನಾ.
ಕಣ್ಣು ಬಿಚ್ಚಿದ ಮುದುಕರಿಗೆ
ಮೊದಲು ಕಾಣೋ ಬೆಳಕು ಚುಚ್ಚಬಾರದು ಅಂತ.
ಡಾಕ್ಟರು ಏಸಿ ಹಾಕಿಸಿರಬೇಕು,
ತಂಪು ಹೋಗತೈತಿ ಅಂತ ಮುಚ್ಚಿರಬೇಕು.
ನನಗ ಗೊತ್ತಿಲ್ಲ.
ನಾಕು ವರ್ಷ ಆತು, ನಾ ಆ ಕಡಿ ಹೋಗಿಲ್ಲ.
ನೀ ಹೋಗಿ ಬಂದೀ, ಯಾರೂ ಹೇಳದ.

ಸೋಮವಾರ ಬಾ. ತಲಿಗೊಂದು ಟೊಪಿಗಿ ತಾ.
ಟೇಪು ಬ್ಯಾಡ, ನನ್ನ ಹಂತೇಲಿ ಐತಿ.
ಆ ಹುಡುಗ ಹೋದಾಗಿಂದ
ಅದರ ಒಂದು ತುದಿ ಮೊಳಿಗೆ ಸಿಗಿಸಿ ಅಳೀತಿದ್ದೆ,
ಮೊಳಿ ಜಾರಿದರ ಮತ್ತ ಮೊದಲಿಂದ.

ಮೊದಲು ದವಾಖಾನಿಗೆ ಹೋಗೂಣು.
ತಗಡ ಎಷ್ಟು ಉದ್ದ ಐತಿ ನೋಡೂಣು.